ಹೆಸರು ಮಾತ್ರ ಬದಲಿಸಿದ್ದೆ

ನನಗೆ ಕ್ಷಯ ಎಂದು ಗೊತ್ತಾದದ್ದು ಅಕ್ಷಯ ತದಿಗೆಯ ಮರುದಿನ. ಎರಡು ಸಾವಿರದ ಒಂದನೇ ಇಸವಿ, ನನಗೆ ಇಪ್ಪತ್ತೇಳು ವರ್ಷ. ಸಿಕಂದರಾಬಾದಿನ ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ಕೂತು ಜನರನ್ನು ತಿರುಪತಿಗೂ ಶಿರಡಿಗೂ ಕಳಿಸುವ ಕೆಲಸ. ಮೂರು ವಾರ ಕೆಮ್ಮಿದ ಮೇಲೆ ಕಫ ಪರೀಕ್ಷೆ ಮಾಡಿಸಿದೆ. ಪಾಸಿಟಿವ್ ಬಂತು. 'ಜೀವನದಾಗ ಪಾಸಿಟಿವ್ ಆಗಿರೋ' ಎಂದು ಕಾಲೇಜಿನಿಂದಲೂ ಎಲ್ಲರೂ ಹೇಳುತ್ತಿದ್ದರಲ್ಲ, ಆದೆ.

ನನ್ನ ತಾಯಿ ಯಮುನಾಬಾಯಿ ಆ ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ರಾಯರ ಫೋಟೋದ ಹಿಂದೆ ಸೇರಿಸಿದಳು. ಆಮೇಲೆ ಅಡಿಗೆಮನೆಗೆ ಕರೆದು ಪಿಸುಗುಟ್ಟಿದಳು: "ಪ್ರಲ್ಲ್ಯಾ, ಯಾರರೆ ಕೇಳಿದ್ರ ಕಾಮಾಲಿ ಆಗೇದ ಅನ್ನು."

"ಯಾಕಮ್ಮಾ?"

"ಯಾಕಂತ ಕೇಳ್ತೀಯಲ್ಲ! ಹೆಣ್ಣು ಕೊಡೋರು ನಾಳೆ ನಮ್ಮನಿ ಹೊಸ್ತಿಲಾ ತುಳೀತಾರೇನು?"

ಕಾಮಾಲೆ ಮರ್ಯಾದಸ್ಥರ ರೋಗ. ಯಾರಿಗಾದರೂ ಬರಬಹುದು, ಕಬ್ಬಿನ ಹಾಲು ಕುಡಿದರೆ ಹೋಗುತ್ತದೆ. ಇದು ಹಾಗಲ್ಲ. ಕಾಚಿಗುಡದಲ್ಲಿ ನಮ್ಮದು ಮೂರು ತಲೆಮಾರಿನ ಮನೆ. ಅಜ್ಜ ರಾಯಚೂರಿನಿಂದ ನಿಜಾಮರ ನೌಕರಿಗೆ ಬಂದವರು, ಅಪ್ಪ ವಾಸುದೇವರಾಯರು ಸರ್ಕಾರಿ ಕಚೇರಿಯಿಂದ ನಿವೃತ್ತರು. ಕಾಚಿಗುಡದ ದವಾಖಾನೆಗೆ ಹೋದರೆ ಸಂಜೆಯೊಳಗೆ ಕನ್ನಡದವರ ಮನೆಮನೆಗೂ ಸುದ್ದಿ. ಅದಕ್ಕೇ ಉಪ್ಪಲ್‌ನಲ್ಲಿದ್ದ ಸೋದರಮಾವನ ವಿಳಾಸ ಕೊಟ್ಟು ಅಲ್ಲಿಯ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿದೆವು. ವಾರಕ್ಕೆ ಮೂರು ದಿನ ಬೆಳಿಗ್ಗೆ ಬಸ್ಸು ಹಿಡಿದು ಅಂಬರಪೇಟೆ, ರಾಮಂತಾಪುರ ದಾಟಿ ಹೋಗುವುದು. ಗುಳಿಗೆಯನ್ನು ಕೈಗೆ ಕೊಟ್ಟು ಕಳಿಸುತ್ತಿರಲಿಲ್ಲ. ನರ್ಸಮ್ಮನ ಕಣ್ಣೆದುರು ನುಂಗಬೇಕು, ಒಂದು ಸಲಕ್ಕೆ ಏಳು. ಅಪ್ಪ ದಿನಾ ಪಂಚಾಂಗ ನೋಡಿ ರಾಹುಕಾಲ, ಗುಳಿಕಕಾಲ ಅನ್ನುತ್ತಿದ್ದರು. ನನ್ನದು ಆರು ತಿಂಗಳು ಬರೀ ಗುಳಿಗೆಕಾಲ.

ಮೊದಲ ವಾರವೇ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಹೆಂಗಸು ಅಂಗೈಯಲ್ಲಿದ್ದ ಏಳು ಗುಳಿಗೆ ನೋಡುತ್ತ ಗೊಣಗಿದಳು: "ಏಳು ಮಂದಿ ಅಳಿಯಂದಿರು ಒಮ್ಮೆಲೇ ಬಂದಂಗ ಬರ್ತಾವ ಹಾಳಾದವು. ಯಾರಿಗಂತ ಉಪಚಾರ ಮಾಡೂದು?"

ನನಗೆ ನೀರು ನೆತ್ತಿಗೇರಿತು. "ಅಕ್ಕಾ, ಕನ್ನಡದೋರಾ?"

"ಮತ್ತ! ಗುಳಿಗಿ ಬೈಯೂದು ತೆಲುಗಿನ್ಯಾಗ ಆಕ್ಕೈತೇನು, ತಮ್ಮಾ?"

ಆಕೆ ಸೂಗಮ್ಮ. ರಾಯಚೂರು ಕಡೆಯವಳು, ಗಂಡ ತೀರಿಕೊಂಡು ಹತ್ತು ವರ್ಷ. ರಾಮಂತಾಪುರದ ಎರಡು ಕೋಣೆಯ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಕಾಚಿಗುಡ, ಬರ್ಕತ್‌ಪುರದ ಕನ್ನಡದವರಿಗೆ ತಂದು ಕೊಡುತ್ತಿದ್ದಳು. ನಮ್ಮ ಸಮಾಜದ ವ್ಯಾಪಾರಸ್ಥರ ಅರ್ಧ ಮನೆಗಳು, ಬ್ರಹ್ಮಚಾರಿಗಳ ಎಲ್ಲ ರೂಮುಗಳು ಆಕೆಯ ರೊಟ್ಟಿಯ ಮೇಲೇ ನಡೆಯುತ್ತಿದ್ದವು. ನಮ್ಮ ಮನೆಯಲ್ಲಿ ಅಮ್ಮನ ಮಡಿ. ಹೊರಗಿನದು ಒಳಗೆ ಬರುವಂತಿಲ್ಲ. ಆದರೆ ಗೆಳೆಯರ ರೂಮಿನಲ್ಲಿ ನಾನು ತಿಂದ ರೊಟ್ಟಿ ಈಕೆಯದೇ ಎಂದು ಬೆಂಚಿನ ಮೇಲೆ ಗೊತ್ತಾಯಿತು. ನನ್ನ ಹೆಸರು ಪ್ರಹ್ಲಾದ, ಕಾಲೇಜಿನಲ್ಲಿ ಪಲ್ಯ ಅಂತ ಕರೆಯುತ್ತಿದ್ದರು ಅಂದಾಗ, "ಛಂದ ಆತು. ನಾ ರೊಟ್ಟಿ, ನೀ ಪಲ್ಯಾ," ಅಂದಳು.

ಕಫದಲ್ಲಿ ರೋಗಾಣು ಕಾಣುತ್ತಿರುವ ತನಕ ಕೆಲಸ ಬಿಡು ಎಂದು ಕೇಂದ್ರದ ಡಾಕ್ಟರು ಸೂಗಮ್ಮನಿಗೆ ಹೇಳಿದ್ದರು. ಎರಡು ತಿಂಗಳು ಆಕೆ ಹಿಟ್ಟು ಮುಟ್ಟಲಿಲ್ಲ. ಗಿರಾಕಿಗಳಿಗೆ 'ತವರುಮನಿಗೆ ಹೊಂಟೀನಿ, ಅವ್ವಗ ಆರಾಮಿಲ್ಲ' ಎಂದು ಹೇಳಿ ತಂಗಿಯ ಮನೆಯಲ್ಲಿ ಉಳಿದಳು. ಅಲ್ಲಿಯ ಕತೆಯನ್ನು ಆಕೆ ಹೇಳುವ ರೀತಿಗೆ ನಾನು ಮರುಳಾಗಿಹೋಗಿದ್ದೆ.

"ನನ್ನ ತಂಗಿ ಭಾಳ ಶ್ಯಾಣ್ಯಾಕಿ, ತಮ್ಮಾ. ನನ್ನ ತಾಟು ಬ್ಯಾರೆ ಗೊತ್ತಾಗ್ಲಿ ಅಂತ ಅದರ ಅಂಚಿಗೆ ಕೆಂಪು ನೇಲ್ ಪಾಲಿಶ್ ಹಚ್ಚಿದ್ಲು. ನಾ ಏನ್ ಮಾಡಿದೆ? ಆಕಿ ಮಲಗಿದಾಗ ಆ ಶೀಸೆ ತಗೊಂಡು ಹತ್ತೂ ಉಗುರಿಗೆ ಹಚ್ಚಿಕೊಂಡೆ. ಮುಂಜಾನೆ ಎದ್ದು 'ಏನಕ್ಕಾ ಇದು' ಅಂದ್ಲು. 'ತಾಟು ಒಂದ ಗುರುತು ಇಟ್ಟರ ಹ್ಯಾಂಗ, ಉಣ್ಣಾಕಿನೂ ಗುರುತು ಸಿಗಬೇಕಲ್ಲವಾ' ಅಂದೆ."

ಹೇಳುವಾಗ ಅಂಗೈಗೆ ಅಂಗೈ ಬಡಿಯುತ್ತಿದ್ದಳು. ಕೈಯಲ್ಲಿ ಹಿಟ್ಟಿಲ್ಲದಿದ್ದರೂ ಆಕೆಯ ಮಾತಿಗೆ ರೊಟ್ಟಿ ಬಡಿಯುವ ತಾಳ ಇತ್ತು. ಪ್ರತಿ ಮಾತಿನ ಕೊನೆಗೆ ಮೂಗಿನಿಂದ ಒಂದು ಸಣ್ಣ 'ಹ್ಞಾಂ'.

ದೀಪಾವಳಿಯ ಹೊತ್ತಿಗೆ ಇಬ್ಬರೂ ಗುಣವಾದೆವು. ಆಕೆಯ ಒಲೆ ಅದಕ್ಕೆ ಮೊದಲೇ ಮತ್ತೆ ಹೊತ್ತಿಕೊಂಡಿತ್ತು. ನನ್ನ ಕಾಮಾಲೆಯೂ ವಾಸಿಯಾಯಿತು.

ಇಷ್ಟಕ್ಕೆ ಮುಗಿಯಬಹುದಿತ್ತು. ಆದರೆ ನನಗೆ ಇನ್ನೊಂದು ರೋಗವಿತ್ತು, ಅದು ಹುಟ್ಟಿನಿಂದ ಬಂದದ್ದು. ಒಬ್ಬರ ಮಾತು ಎರಡು ಸಲ ಕೇಳಿದರೆ ಮೂರನೇ ಸಲ ನನ್ನ ಬಾಯಲ್ಲಿ ಅವರೇ ಮಾತಾಡುತ್ತಿದ್ದರು. ಕಾಚಿಗುಡ ಸ್ಟೇಷನ್ನಿನ ಅನೌನ್ಸರು, ಸಂಘದ ಅಧ್ಯಕ್ಷರು, ಮಠದ ಆಚಾರ್ಯರು, ಅಪ್ಪನ ಸೀನು, ಯಾವುದನ್ನೂ ಬಿಟ್ಟವನಲ್ಲ. ನಮ್ಮ ಕನ್ನಡ ಸಂಘದ ಯಾವ ಕಾರ್ಯಕ್ರಮವೂ ನನ್ನ ಮಿಮಿಕ್ರಿ ಇಲ್ಲದೆ ಊಟಕ್ಕೆ ಹೋಗುತ್ತಿರಲಿಲ್ಲ. ಮಿಮಿಕ್ರಿಯವನಿಗೆ ಚಪ್ಪಾಳೆ ದೊಡ್ಡದಲ್ಲ. ಕತ್ತಲಲ್ಲಿ ಕೂತ ಯಾರೋ ಒಬ್ಬರು 'ಅಯ್ಯ, ಇದು ಇಂಥವರು!' ಎಂದು ತಡೆಯಲಾರದೆ ಕೂಗುತ್ತಾರಲ್ಲ, ಅದು ಪದಕ.

ಮರುವರ್ಷ ಮಾರ್ಚ್ ಮೊದಲ ವಾರ ಸಂಘದ ಹಾಲ್‌ನಲ್ಲಿ ಡಾಕ್ಟರ್ ಕಲ್ಯಾಣಪ್ಪ ಪೋಸ್ಟರು ಹಚ್ಚುತ್ತಿದ್ದರು. ಎದೆರೋಗದ ನಿವೃತ್ತ ಡಾಕ್ಟರು. ಮಾರ್ಚ್ ಇಪ್ಪತ್ನಾಲ್ಕರ ಕ್ಷಯರೋಗ ದಿನಕ್ಕೆ ಪ್ರತಿವರ್ಷ ಶಿಬಿರ ಮಾಡುವವರು. ನನ್ನ ವಿಷಯ ಅವರಿಗೆ ಗೊತ್ತಿರಲಿಲ್ಲ. ನಾನು ಅಂಟು ಹಿಡಿದು ನಿಂತಿದ್ದೆ.

"ನಾಕು ವರ್ಷ ಆತು ಪ್ರಹ್ಲಾದ, ಈ ಪೋಸ್ಟರ್ ಹಚ್ಚಾಕತ್ತು," ಅಂದರು. "ಮಂದಿ ಇದಕ್ಕ ಬೆನ್ನು ಹಚ್ಚಿ ನಿಂತು ಚಾ ಕುಡೀತಾರ. ತಲಿ ಎಣ್ಣಿ ಕಲೆ ಬಿತ್ತು, ಕಫ ಮಾತ್ರ ಒಬ್ಬನೂ ತಪಾಸ ಮಾಡ್ಸಲಿಲ್ಲ. ನಮ್ಮವರೊಳಗ ಒಬ್ಬ, ಒಬ್ಬ ಮನಷ್ಯಾ ಎದ್ದು ನಿಂತು 'ನನಗಾಗಿತ್ರಿ, ಈಗ ನೋಡ್ರಿ ಕಲ್ಲಿನಂಗ ಅದೀನಿ' ಅಂದ್ರ ಈ ಕಾಗದ ಎಲ್ಲಾ ಹರದು ಒಗೀತೀನಿ. ಆದ್ರ ಯಾವನು ಬರ್ತಾನ?"

ಆ ಒಬ್ಬ ಮನುಷ್ಯ ಅವರಿಂದ ಮೂರು ಅಡಿ ದೂರದಲ್ಲಿ ಅಂಟಿನ ಡಬ್ಬಿ ಹಿಡಿದು ನಿಂತಿದ್ದ. ಗಂಟಲಲ್ಲಿ ಮಾತು ಬಂದದ್ದು ನಿಜ. ಆದರೆ ಅದೇ ವಾರ ಸಿಕಂದರಾಬಾದಿನ ಅಂಬುಬಾಯಿಯವರ ಮಗಳು ಗೋದಾವರಿಯ ಜಾತಕ ನಮ್ಮ ಮನೆಗೆ ಬಂದಿತ್ತು, ಇಪ್ಪತ್ತೆಂಟು ಗುಣ ಕೂಡಿದ್ದವು.

"ಡಾಕ್ಟರ್, ಮನಷ್ಯಾ ಬರದಿದ್ರೇನಾತು," ಎಂದೆ. "ದನಿ ನಾ ತಂದು ಕೊಡ್ತೀನಿ. ಹೆಸರು, ಊರು ಎಲ್ಲಾ ಬದಲಿ ಮಾಡಿ."

ಮರುದಿನವೇ ರಾಮಂತಾಪುರಕ್ಕೆ ಹೋದೆ. ಸೂಗಮ್ಮ ಹಂಚಿನ ಮುಂದೆ ಕೂತಿದ್ದಳು. ಆಕೆಯ ಕತೆಯನ್ನು ಸಂಘದ ವೇದಿಕೆಯಲ್ಲಿ ಹೇಳಲೇ ಎಂದು ಕೇಳಿದೆ. ಆಕೆ ರೊಟ್ಟಿ ಮಗುಚಿ ಹಾಕಿದಳು.

"ಕೇಳಿದ ಮಂದಿ ತಪಾಸ ಮಾಡಿಸ್ಕೊಂತಾರೇನು?"

"ಹೂಂ ಅಕ್ಕಾ. ಅದಕ್ಕ ಅಲ್ಲ?"

"ಹಂಗಿದ್ರ ಹೇಳು. ನನ್ನ ಹೆಸರು ಮಾತ್ರ ತಗೀಬ್ಯಾಡ. ನಂದು ತಿನ್ನೂ ಪದಾರ್ಥದ ವ್ಯವಹಾರ ಐತಿ."

"ದೇವರಾಣಿ ತಗಿಯೂದಿಲ್ಲ."

ತೆಗೆಯಲಿಲ್ಲ. ಸೂಗಮ್ಮ ಗಂಗವ್ವನಾದಳು, ರಾಯಚೂರು ಬೀದರಾಯಿತು, ರೊಟ್ಟಿ ಹೋಗಿ ಹೊಲಿಗೆ ಯಂತ್ರ ಬಂತು. ಕೊನೆಯಲ್ಲಿ ಹೇಳಲು ಡಾಕ್ಟರು ಒಂದು ಚೀಟಿಯಲ್ಲಿ ಎರಡು ಸಾಲು ಬರೆದುಕೊಟ್ಟಿದ್ದರು: ತಾಟು, ಲೋಟ, ಊಟದಿಂದ ಈ ರೋಗ ಹರಡುವುದಿಲ್ಲ; ಔಷಧ ತಪ್ಪದೆ ತೆಗೆದುಕೊಂಡವರು ಪೂರ್ತಿ ಗುಣವಾಗುತ್ತಾರೆ, ಅವರಿಂದ ಯಾರಿಗೂ ಅಪಾಯವಿಲ್ಲ.

ಇಪ್ಪತ್ನಾಲ್ಕನೇ ತಾರೀಖು ಭಾನುವಾರ, ಹಾಲ್ ತುಂಬಿತ್ತು. ಹೆಗಲ ಮೇಲೆ ಒಂದು ಸೆರಗು ಹಾಕಿಕೊಂಡು ಕೂತೆ. ಮೊದಲ ಮಾತಿಗೇ ನಗೆ. ಏಳು ಅಳಿಯಂದಿರು ಬಂದರು, ಹಾಲ್ ಹೊಯ್ದಾಡಿತು. ನೇಲ್ ಪಾಲಿಶ್ ಬಂತು, ಮೊದಲು ನಕ್ಕರು, ಆಮೇಲೆ ಮುಂದಿನ ಸಾಲಿನ ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ನಾನು ನಾನಾಗಿ ಉಳಿದಿರಲಿಲ್ಲ. 'ಹ್ಞಾಂ' ಮೂಗಿನಿಂದ ತಾನೇ ಬರುತ್ತಿತ್ತು. ಕೈಗಳು ಯಾವಾಗ ಮೇಲೆದ್ದವೋ, ಹೊಲಿಗೆ ಯಂತ್ರದ ಮುಂದೆ ಕೂತ ಗಂಗವ್ವ ಗಾಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

ಮೂರನೇ ಸಾಲಿನಲ್ಲಿ ಬಟ್ಟೆ ವ್ಯಾಪಾರದವರ ಮನೆಯ ಉಮಾಬಾಯಿ ಎದ್ದು ನಿಂತುಬಿಟ್ಟರು. "ಅಯ್ಯ ಶಿವನ! ಇದು ನಮ್ಮ ರೊಟ್ಟಿ ಸೂಗಮ್ಮ!"

ಹಾಲ್‌ಗೆ ಹಾಲೇ ಚಪ್ಪಾಳೆ. 'ಹೌದಲ್ಲ, ಆಕಿನ!' 'ಏನ್ ತಗದಾನಪಾ ದನಿ!'

ಆ ಕ್ಷಣ ನಾನು ಏನು ಮಾಡಬೇಕಿತ್ತು ಎಂದು ಆಮೇಲೆ ನೂರು ಸಲ ಯೋಚಿಸಿದ್ದೇನೆ. ಅಲ್ಲ ಅನ್ನಬಹುದಿತ್ತು. ದನಿ ಬದಲಿಸಬಹುದಿತ್ತು. ಕೆಮ್ಮು ಬಂದಂತೆ ಮಾಡಿ ಎದ್ದು ಹೋಗಬಹುದಿತ್ತು. ಮಾಡಿದ್ದು ಇದು: ಉಮಾಬಾಯಿಯವರ ಕಡೆ ನೋಡಿ, ತುಟಿಯ ಮೇಲೆ ಬೆರಳಿಟ್ಟು, ಕಣ್ಣು ಹೊಡೆದೆ. ಹೌದು ಎಂದು ಒಪ್ಪಿಕೊಳ್ಳುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾತು ಯಾವ ಭಾಷೆಯಲ್ಲೂ ಇಲ್ಲ. ಪದಕ ಸಿಕ್ಕಿತ್ತು, ಎದೆಗೆ ಚುಚ್ಚಿಕೊಂಡೆ. ಚಪ್ಪಾಳೆ ಏರಿದಲ್ಲೇ ಇಳಿಯಬೇಕು ಎನ್ನುವುದು ವೇದಿಕೆಯ ಚಾಳಿ, ಇಳಿದೆ. ಡಾಕ್ಟರ ಚೀಟಿ ಅಂಗಿಯ ಜೇಬಿನಲ್ಲೇ ಉಳಿಯಿತು.

ಅಲ್ಲಿಂದ ಐದನೇ ದಿನ ಡಾಕ್ಟರ್ ಕಲ್ಯಾಣಪ್ಪ ನನ್ನ ಆಫೀಸಿಗೆ ಫೋನ್ ಮಾಡಿದರು. ಹನ್ನೊಂದು ಜನ ಬಂದು ಕಫ ಪರೀಕ್ಷೆ ಮಾಡಿಸಿಕೊಂಡಿದ್ದರಂತೆ, ಇಬ್ಬರಿಗೆ ರೋಗ ಇರುವುದು ಗೊತ್ತಾಯಿತಂತೆ. "ಒಂದ ಕತಿ, ಪ್ರಹ್ಲಾದ, ಒಂದ ಕತಿ! ನನ್ನ ನಾಕು ವರ್ಷದ ಪೋಸ್ಟರ್ ಮಾರಿ ತೊಳದಂಗಾತು. ಯುಗಾದಿ ಕಾರ್ಯಕ್ರಮದಾಗ ಮತ್ತೊಮ್ಮೆ ಆಗಬೇಕು. ಆಮ್ಯಾಲೆ ಕೂಕಟ್‌ಪಲ್ಲಿ."

ಉಬ್ಬಿಹೋದೆ. ಮರುದಿನ ಅರ್ಧ ಕಿಲೋ ಪೇಡೆ ಕಟ್ಟಿಸಿಕೊಂಡು ರಾಮಂತಾಪುರದ ಬಸ್ಸು ಹತ್ತಿದೆ, ಸೂಗಮ್ಮನಿಗೆ ಶುಭ ಸಮಾಚಾರ ಹೇಳೋಣ ಎಂದು.

ಬೆಳಗಿನ ಹತ್ತು ಗಂಟೆ. ಯಾವತ್ತೂ ಆ ಹೊತ್ತಿಗೆ ಓಣಿಯ ತಿರುವಿಗೇ ರೊಟ್ಟಿಯ ಸಪ್ಪಳ ಕೇಳಿಸುತ್ತಿತ್ತು. ಅವತ್ತು ಇಲ್ಲ. ಹಂಚು ಗೋಡೆಗೆ ಒರಗಿತ್ತು. ಸೂಗಮ್ಮ ಹೊಸ್ತಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ಬಾರಪಾ ಗಂಗವ್ವ," ಅಂದಳು.

ನನಗೆ ಕೂಡಲು ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. "ರೊಟ್ಟಿ...?"

"ರೊಟ್ಟಿ? ಅಯ್ಯ, ಈಗ ಎಲ್ಲಾರಿಗೂ ಬ್ಯಾನಿ ಬಂದೈತಿ, ತಮ್ಮಾ." ಅವರೆಕಾಯಿ ಬುಟ್ಟಿ ಸರಿಸಿ ಸೆರಗನ್ನು ಎರಡೂ ಹೆಗಲ ಮೇಲೆ ಹೊದ್ದು ಉಮಾಬಾಯಿಯವರಾದಳು. ಅದೇ ಎಳೆದ ರಾಗ, ಅದೇ ಗಲ್ಲದ ಮೇಲಿನ ಬೆರಳು: "'ಸೂಗಮ್ಮಾ, ನಮ್ಮನಿಯವರಿಗೆ ಡಾಕ್ಟ್ರು ಗೋಧಿ ತಿನ್ನಂದಾರವಾ, ಜ್ವಾಳ ಉಷ್ಣ ಅಂತ.'" ಸೆರಗು ಸೊಂಟಕ್ಕೆ ಸಿಕ್ಕಿಸಿ ಬ್ಯಾಂಕಿನ ಬಸವಲಿಂಗಪ್ಪನವರಾದಳು: "'ನಾವು ತಿಂಗಳ ಮಟ್ಟಿಗೆ ಊರಿಗೆ ಹೊಂಟೀವಿ.' ಹಿಂದ ಅವರ ಕುಕ್ಕರ್ ಸೀಟಿ ಹೊಡ್ಯಾಕತ್ತಿತ್ತು. ಇನ್ನ ಆ ರೂಮಿನ ಹುಡುಗರು, 'ಆಂಟಿ, ವಿ ಆರ್ ಆನ್ ಡಯಟ್.' ಹ್ಞಾಂ!"

ನಾನು ನಕ್ಕುಬಿಟ್ಟೆ. ತಡೆಯಲಾಗಲಿಲ್ಲ. ಆಕೆ ನನಗಿಂತ ಚೆನ್ನಾಗಿ ತೆಗೆಯುತ್ತಿದ್ದಳು. ನಗು ಅರ್ಧ ಹೊರಗೆ ಬಂದಾಗ ಆಕೆಯ ಮುಖದಲ್ಲಿ ನಗುವಿಲ್ಲದ್ದು ಕಾಣಿಸಿತು. ಉಳಿದರ್ಧವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಅಕ್ಕಾ, ಹೆಸರು ತಗೀಲಿಲ್ಲ ನಾನು."

"ಗೊತ್ತೈತಿ. ಹೆಸರು ತಗೀಬ್ಯಾಡ ಅಂದಿದ್ದೆ, ತಗೀಲಿಲ್ಲ. ದನಿ ತಗೀಬ್ಯಾಡ ಅನ್ನೂದು ನನಗ ಹೊಳೀಲಿಲ್ಲ. ನಾ ಏನ್ ಸಾಲಿ ಕಲ್ತಾಕಿ ಅಲ್ಲ." ಮತ್ತೆ ಅವರೆಕಾಯಿಗೆ ಕೈ ಹಾಕಿದಳು. "ಉಮಾಬಾಯಿಗೆ ನಾ ಹೇಳಿದೆ, ರೊಟ್ಟಿಯಿಂದ ಬರಂಗಿಲ್ರಿ ಅಂತ. 'ಅವತ್ತು ಕಾರ್ಯಕ್ರಮದಾಗ ಹಂಗೇನೂ ಹೇಳಲಿಲ್ಲಲ್ಲವಾ' ಅಂದ್ರು."

ಜೇಬಿನಲ್ಲಿ ಉಳಿದ ಚೀಟಿಯ ಬಗ್ಗೆ ಆಕೆಗೆ ಹೇಳುವ ಧೈರ್ಯ ಬರಲಿಲ್ಲ.

"ಒಂದ ಮಾತು ಕೇಳ್ತೀನಿ," ಅಂದಳು ಸೂಗಮ್ಮ. "ನಿನಗೂ ಅದ ರೋಗ, ಅದ ಗುಳಿಗಿ. ನಿನ್ನ ಕತಿ ನೀ ಯಾಕ ಹೇಳಲಿಲ್ಲ?"

ಅಮ್ಮ, ಜಾತಕ, ಅಂಬುಬಾಯಿ, ಇಷ್ಟೆಲ್ಲ ಕಾರಣಗಳು ನಾಲಗೆಯ ಮೇಲೆ ಸಾಲಾಗಿ ನಿಂತಿದ್ದವು. ಬಾಯಿಂದ ಬಂದದ್ದು ಮಾತ್ರ, "ನಿಮ್ಮ ಕತಿ ಭಾಳ ಚಲೋ ಇತ್ತು, ಅಕ್ಕಾ."

ಆಕೆ ತಲೆಯೆತ್ತಿ ನನ್ನನ್ನು ನೋಡಿದಳು. ಬೈದಿದ್ದರೆ ಬೈಗುಳದ ದನಿಯನ್ನಾದರೂ ನೆನಪಿಟ್ಟುಕೊಳ್ಳುತ್ತಿದ್ದೆ. ಪೇಡೆಯ ಡಬ್ಬಿಯನ್ನು ಕಾಲಿನಿಂದ ಮೆಲ್ಲಗೆ ನನ್ನ ಕಡೆ ಸರಿಸಿದಳು.

ಮುಂದಿನ ದಿನಗಳಲ್ಲಿ ನಾನು ಸುಲಭದ ದಾರಿ ಹುಡುಕಿದೆ. ಡಾಕ್ಟರ ಹತ್ತಿರ ಹೋಗಿ, ಯುಗಾದಿ ಕಾರ್ಯಕ್ರಮದಲ್ಲಿ ನೀವೇ ಎದ್ದು ರೊಟ್ಟಿಯ ಮಾತು ಹೇಳಿಬಿಡಿ ಎಂದೆ.

"ನಾ ಹೇಳಿದ್ರ ಪೋಸ್ಟರ್ ಬಾಯಿ ಬಿಟ್ಟಂಗಾಕ್ಕೈತಿ, ತಮ್ಮಾ," ಅಂದರು. "ಆಗಿದ್ದವರು ಹೇಳಬೇಕು. ಆ ಗಂಗವ್ವ ಸೂಗಮ್ಮನ ಅಂತ ಎಲ್ಲಾರೂ ಅನ್ನಾಕತ್ತಾರಲ್ಲ, ಆಕೀನ ಕರಿ." ಇಬ್ಬರು ರೋಗಿಗಳು ಔಷಧ ಶುರುಮಾಡಿದ್ದಾರೆ, ಒಬ್ಬಾಕೆ ಇಪ್ಪತ್ತರ ಹುಡುಗಿ, ಇನ್ನೆರಡು ತಿಂಗಳು ತಡವಾಗಿದ್ದರೆ ಕಷ್ಟವಿತ್ತು ಎಂದು ಅದೇ ಉಸಿರಿನಲ್ಲಿ ಹೇಳಿದರು. ನಾನು ಮಾಡಿದ್ದೆಲ್ಲ ಕೆಟ್ಟದ್ದೇ ಎಂದುಕೊಂಡು ಅಳುವುದಕ್ಕೂ ನನಗೆ ಹಕ್ಕಿರಲಿಲ್ಲ.

ಯುಗಾದಿಯ ಮುನ್ನಾದಿನ ಸೂಗಮ್ಮನ ಬಾಗಿಲಿಗೆ ಹೋಗಿ, "ನಾಡಿದ್ದು ಭಾನುವಾರ ಹಾಲ್‌ಗೆ ಬರ್ರಿ ಅಕ್ಕಾ," ಎಂದೆ.

"ಯಾಕ? ನನ್ನ ನಾನ ನೋಡಾಕ? ಟಿಕೀಟು ಐತೇನು?"

"ಈ ಸಲ ನಂದು ಹೇಳ್ತೀನಿ."

 

ಹಾಲ್‌ನಲ್ಲಿ ಬೇವು-ಬೆಲ್ಲ ಹಂಚಿ ಮುಗಿದಿತ್ತು. ಅಮ್ಮ ಎರಡನೇ ಸಾಲಿನಲ್ಲಿ ಹೊಸ ಇಳಕಲ್ ಸೀರೆ ಉಟ್ಟು ಕೂತಿದ್ದಳು. ಪಕ್ಕದಲ್ಲಿ ಅಂಬುಬಾಯಿ, ಆಚೆ ಗೋದಾವರಿ. ಹುಡುಗನ ಕಲೆ ನೋಡಲು ಬಂದಿದ್ದರು. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ, ಸೂಗಮ್ಮ. ಆಕೆಯ ಎರಡೂ ಬದಿಗೆ ಎರಡೆರಡು ಕುರ್ಚಿ ಖಾಲಿ ಇದ್ದವು, ಹಾಲ್‌ನಲ್ಲಿ ಬೇರೆಲ್ಲೂ ಕೂಡಲು ಜಾಗವಿರಲಿಲ್ಲ.

ಮೈಕಿನ ಮುಂದೆ "ನನ್ನ..." ಎಂದಷ್ಟೇ ಹೇಳಿ ನಿಂತೆ. ಮತ್ತೆ ಶುರುಮಾಡಿದೆ. "ತಾಟಿನಿಂದ, ಲೋಟದಿಂದ, ರೊಟ್ಟಿಯಿಂದ ಟೀಬಿ ಬರಂಗಿಲ್ಲ. ಹೋದ ಸಲ ಇದನ್ನ ಹೇಳಬೇಕಾಗಿತ್ತು, ನಾ ಹೇಳಲಿಲ್ಲ. ನನ್ನ ಹೆಸರು ಪ್ರಹ್ಲಾದ. ವಾಸುದೇವರಾಯರ ಮಗ. ಹೋದ ವರ್ಷ ನನಗ ಟೀಬಿ ಆಗಿತ್ತು."

ನಗೆಯ ಅಲೆಯೊಂದು ಎದ್ದಿತು.

"ಏ, ತನ್ನ ದನಿನ ತಾನ ತಗ್ಯಾಕತ್ತಾನ ನೋಡ್ರಿ!" ಎಂದರು ಯಾರೋ. "ಎಷ್ಟ್ ಕರೆಕ್ಟ್ ಮಾಡ್ತಾನ!" ಚಪ್ಪಾಳೆ.

"ಇಲ್ರಿ, ಖರೇ ಹೇಳ್ಲಿಕ್ಕತ್ತೀನಿ. ಆರು ತಿಂಗಳು ಉಪ್ಪಲ್‌ಗೆ ಹೋಗಿ ಗುಳಿಗೆ ನುಂಗೀನಿ. ಮನ್ಯಾಗ ಕಾಮಾಲಿ ಅಂತ..."

ಇನ್ನೂ ಜೋರು ನಗೆ. ಹದಿನೈದು ವರ್ಷ ಅವರನ್ನು ನಗಿಸಿದ್ದೆ; ನನ್ನ ಬಾಯಿಂದ ಬಂದ ಮಾತು ನಿಜವಿರಬಹುದು ಎಂದು ಯಾರಿಗೂ ಅನ್ನಿಸಲಿಲ್ಲ. ದನಿ ನಡುಗಿತು, ಅದಕ್ಕೂ ನಕ್ಕರು. ಕಣ್ಣು ಒದ್ದೆಯಾಯಿತು, ಆಹಾ ಅಂದರು.

ಅಮ್ಮ ಎದ್ದು ನಿಂತಳು. ನಗುತ್ತಿದ್ದಳು. ಆ ನಗುವಿನ ಅಣಕ ಮಾಡಲು ನನ್ನಿಂದ ಇವತ್ತಿಗೂ ಆಗಿಲ್ಲ. "ಇವಂದು ಯಾವಾಗ್ಲೂ ಹಿಂಗ," ಎಂದು ಅಂಬುಬಾಯಿಗೂ ಇಡೀ ಹಾಲ್‌ಗೂ ಕೇಳುವಂತೆ ಹೇಳಿದಳು. "ಹೋದ ವರ್ಷ ಕಾಮಾಲಿ ಆಗಿತ್ತು. ಅದನ್ನ ಹಿಡಕೊಂಡು ನಾಟಕಾ ಮಾಡ್ಲಿಕ್ಕತ್ತಾನ."

ತಪ್ಪಿಸಿಕೊಳ್ಳುವ ಬಾಗಿಲನ್ನು ಅಮ್ಮ ತೆರೆದಿಟ್ಟಿದ್ದಳು. ನಾನು ಮಾಡಬೇಕಾದದ್ದು ಇಷ್ಟೇ, ಸುಮ್ಮನಿರುವುದು. ಮುಖದ ಮೇಲೆ ವೇದಿಕೆಯ ನಗು ತಾನಾಗಿ ಬಂದು ಕೂತಿತು. ನಾನು ಅದನ್ನು ಓಡಿಸಲಿಲ್ಲ. ಎಷ್ಟು ಹೊತ್ತೋ, ಒಂದು ನಿಮಿಷವೂ ಇರಲಿಕ್ಕಿಲ್ಲ. ನನ್ನ ಬದುಕಿನ ಅತಿ ನಾಚಿಕೆಗೇಡಿನ ಹೊತ್ತು ಕಣ್ಣು ಹೊಡೆದದ್ದಲ್ಲ, ಅದು.

"ನಗಬ್ಯಾಡ್ರಿ."

ಹಿಂದಿನಿಂದ ಬಂದ ಮಾತು. ಎಲ್ಲರೂ ತಿರುಗಿದರು. ಸೂಗಮ್ಮ ಎದ್ದು ನಿಂತಿದ್ದಳು, ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು.

"ಅಂವ ಖರೇ ಹೇಳಾಕತ್ತಾನ. ಆರು ತಿಂಗಳು ನನ್ನ ಬಾಜೂಕ ಕುಂತು ಗುಳಿಗಿ ನುಂಗ್ಯಾನ. ನೀವು ಅವತ್ತು ನಕ್ಕಿರಲ್ಲ, ಆ ಗಂಗವ್ವ ನಾನ. ಕಫದಾಗ ರೋಗ ಇರೂತನಕ ಎರಡು ತಿಂಗಳು ನಾ ಹಿಟ್ಟು ಮುಟ್ಟಿಲ್ಲ. ತವರುಮನಿಗೆ ಹೊಂಟೀನಿ ಅಂತ ನಿಮಗ ಸುಳ್ಳು ಹೇಳಿದೆ. ಅದು ನನ್ನ ತಪ್ಪು. ರೋಗ ಬಂದಿದ್ದು ನನ್ನ ತಪ್ಪಲ್ಲ. ನನ್ನ ತಂಗಿ ನನ್ನ ತಾಟಿಗೆ ಪಾಲಿಶ್ ಹಚ್ಚಿದ್ದು ನಿಮಗ ಭಾಳ ನಗಿ ತರಿಸ್ತು. ನನಗ ಅವತ್ತು ನಗಿ ಬಂದಿದ್ದಿಲ್ರಿ. ಊಟ ಬಿಟ್ಟು ಎದ್ದಿದ್ದೆ."

ಮೂಗಿನ 'ಹ್ಞಾಂ' ಇರಲಿಲ್ಲ. ಅಂಗೈ ತಾಳವಿರಲಿಲ್ಲ. ಮಾತಿನ ನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಆರು ತಿಂಗಳು ಪಕ್ಕದಲ್ಲಿ ಕೂತು, ಕಿವಿಯನ್ನೇ ಅನ್ನ ಮಾಡಿಕೊಂಡವನು ನಾನು, ಈ ದನಿಯನ್ನು ಕೇಳಿಯೇ ಇರಲಿಲ್ಲ. ನಾನು ಕದ್ದದ್ದು ಆಕೆ ನನ್ನನ್ನು ನಗಿಸಲು ಇಟ್ಟುಕೊಂಡಿದ್ದ ದನಿ.

ಆಕೆ ಕೂತಳು. ಅಮ್ಮ ಇನ್ನೂ ನಿಂತೇ ಇದ್ದಳು. ಅಂಬುಬಾಯಿ ಮಡಿಲಲ್ಲಿದ್ದ ಪರ್ಸನ್ನು ಎತ್ತಿಕೊಂಡು ಮಗಳ ಮೊಣಕೈ ಮುಟ್ಟಿದರು. ಗೋದಾವರಿ ಹೋಗುವಾಗ ಒಮ್ಮೆ ವೇದಿಕೆಯ ಕಡೆ ನೋಡಿದಳು. ಅದರಲ್ಲಿ ಸಿಟ್ಟಿತ್ತೋ ಏನಿತ್ತೋ ಗೊತ್ತಾಗಲಿಲ್ಲ, ನಾನು ಕಣ್ಣು ತಗ್ಗಿಸಿದ್ದೆ. ಉಳಿದದ್ದನ್ನು ಹೇಳಿ ಮುಗಿಸಿದೆ, ಎಲ್ಲಿ ತಪಾಸಣೆ, ಎಷ್ಟು ತಿಂಗಳ ಔಷಧ, ಪುಕ್ಕಟೆ ಎಂಬುದೆಲ್ಲ. ಜೋಕಿಲ್ಲದೆ ಇಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಕಾರ್ಯಕ್ರಮ ಮುಗಿದು ಚಹಾ ಬಂತು. ಸಂಘದ ಕಾರ್ಯದರ್ಶಿ ಅಮೃತಪ್ಪನವರು ಎಲ್ಲರಿಗೂ ಸ್ಟೀಲಿನ ಲೋಟದಲ್ಲಿ ಕೊಡಿಸುತ್ತಿದ್ದರು. ನನ್ನ ಹತ್ತಿರ ಬಂದಾಗ ಒಳಗೆ ಹೋಗಿ ಎಲ್ಲಿಂದಲೋ ಪ್ಲಾಸ್ಟಿಕ್ ಕಪ್ಪು ತಂದರು, ಕುಡಿದು ಎಸೆಯುವಂಥದ್ದು. ಎರಡೇ ಎರಡು. ಒಂದು ನನಗೆ, ಒಂದು ಸೂಗಮ್ಮನಿಗೆ. "ಲ್ವಾಟಾ ಕಮ್ಮಿ ಬಿದ್ದಾವು," ಅಂದರು. ಹಿಂದೆ ಮೇಜಿನ ಮೇಲೆ ತೊಳೆದ ಲೋಟಗಳು ಬೋರಲಾಗಿ ಸಾಲು ನಿಂತಿದ್ದವು. ಪಾಪ, ಅವರು ಕೆಟ್ಟವರಲ್ಲ. ಮೂರು ವಾರದ ಹಿಂದೆ ನಾನೂ ಹಾಗೇ ತಂದು ಕೊಡುತ್ತಿದ್ದೆನೇನೋ.

ಬಿಸಿಗೆ ಕಪ್ಪು ಮೆತ್ತಗಾಗುತ್ತಿತ್ತು. ಸೂಗಮ್ಮ ನನ್ನ ಪಕ್ಕ ಬಂದು ನಿಂತಳು.

"ಅಕ್ಕಾ, ನೀವು ಏಳಬಾರದಿತ್ತು."

"ನೀ ನಗಬಾರದಿತ್ತು," ಅಂದಳು. ನೋಡಿದ್ದಳು. ಆ ಒಂದು ನಿಮಿಷದ ನಗುವನ್ನು ಕೊನೆಯ ಸಾಲಿನಿಂದಲೂ ನೋಡಿದ್ದಳು. "ನಿನ್ನ ಸಲುವಾಗಿ ಎದ್ದೆ ಅನಕೋಬ್ಯಾಡ. ನನ್ನ ಕತಿ ನನ್ನ ಬಾಯಾಗ ಒಮ್ಮೆ ಕೇಳಬೇಕಿತ್ತು ನನಗ."

ಆಗ ಉಮಾಬಾಯಿ ಬಂದರು. ನನ್ನ ಕಡೆ ನೋಡಲಿಲ್ಲ. ಸೂಗಮ್ಮನಿಗೆ ಒಂದು ಮೊಳ ದೂರದಲ್ಲಿ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಎಳೆಯುವ ರಾಗವಿಲ್ಲದೆ ಕೇಳಿದರು: "ಸೂಗಮ್ಮಾ... ನಮ್ಮ ಸೊಸಿಗೆ ತಿಂಗಳಾತು ಕೆಮ್ಮು. ಸಂಜಿ ಆದ್ರ ಮೈ ಬೆಚ್ಚಗಾಕ್ಕೈತಿ. ನಿನಗೂ ಹಂಗ ಆಗಿತ್ತೇನು ಮೊದಲ?"

ಗೋಧಿಯ ಮಾತು ಎತ್ತಬಹುದಿತ್ತು ಸೂಗಮ್ಮ. ನಾನಾಗಿದ್ದರೆ ಎತ್ತುತ್ತಿದ್ದೆ, ಅದೂ ಉಮಾಬಾಯಿಯವರ ದನಿಯಲ್ಲೇ.

"ಹಂಗ ಆಗಿತ್ರಿ," ಅಂದಳು. "ನಾಳೆ ಮುಂಜಾನೆ ಎಂಟಕ್ಕ ಕರಕೊಂಡು ಬರ್ರಿ. ಉಪ್ಪಲ್ ಸ್ಟಾಪಿನ್ಯಾಗ ನಿಂತಿರ್ತೀನಿ. ಆಕಿಗೆ ಬೈಬ್ಯಾಡ್ರಿ."

"ಯಾರಿಗೂ..."

"ಯಾರಿಗೂ ಹೇಳಂಗಿಲ್ಲ."

ಉಮಾಬಾಯಿ ತಲೆಯಾಡಿಸಿ ಹೋದರು. ರೊಟ್ಟಿಯ ಮಾತು ಅವರೂ ಎತ್ತಲಿಲ್ಲ, ಈಕೆಯೂ ಕೇಳಲಿಲ್ಲ.

ಸೂಗಮ್ಮ ಚಹಾ ಮುಗಿಸಿ ಸೆರಗು ಸರಿಪಡಿಸಿಕೊಂಡಳು. ಎರಡು ಹೆಜ್ಜೆ ಹೋಗಿ ತಿರುಗಿ ನನ್ನನ್ನು ನೋಡಿದಳು.

"ನಾಳೆ ನೀನೂ ಬಾ. ಸಣ್ಣ ಹುಡುಗಿ, ಅಂಜತಾಳ. ಗುಣಾ ಆದವರು ಇಬ್ಬರು ಕಂಡ್ರ ಚಲೋ." ಆಮೇಲೆ ಸೇರಿಸಿದಳು, "ಬಾಯಿ ಮಾತ್ರ ಮನ್ಯಾಗ ಇಟ್ಟು ಬಾ."

ಹೂಂ ಅನ್ನಲೂ ಹೆದರಿಕೆಯಾಗಿ ತಲೆ ಆಡಿಸಿದೆ. ಹಾಲ್‌ನ ಗೇಟಿನ ಹತ್ತಿರ ಅಮ್ಮ ಒಬ್ಬಳೇ ನಿಂತಿದ್ದಳು, ಬೆನ್ನು ಈ ಕಡೆ ಮಾಡಿ. ಕಪ್ಪನ್ನು ಎಲ್ಲಿ ಎಸೆಯಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಆಕೆಯ ಕಡೆಗೆ ನಡೆದೆ.